2024ರ ಎಲೆಕ್ಟ್ರಾನಿಕ್, ಪ್ರಯೋಗದ ಆಲ್ಬಮ್‌ಗಳು: ಕೊಡಗಿನಲ್ಲಿ ಕೂತು ನೀವು ಏನು ಕೇಳಿದಿರಿ?

ನಾಪೋಕ್ಲು ಕಣ

ನಮ್ಮ ಸುಗ್ಗಿಯ ಹಬ್ಬ ಪುತ್ತರಿ ಮುಗಿಯಿತು. ಅರೇಬಿಕಾ ಕಾಫಿ ಕುಯ್ಲು ಅರ್ಧಕ್ಕಿಂತ ಜಾಸ್ತಿ ಆಗಿದೆ. ಮೂರು ವಾರದಿಂದ ರಾತ್ರಿ ನಾನು ಕಣದಲ್ಲೇ ಮಲಗುತ್ತಿದ್ದೇನೆ. ಕಾಫಿಗೆ ಈ ಸಲ ಇರುವ ರೇಟಿಗೆ ಕಾವಲಿಲ್ಲದೆ ಬಿಡುವ ಹಾಗಿಲ್ಲ. ಸಂಜೆ ರಾಶಿ ಮಾಡಿ ಟಾರ್ಪಾಲು ಹೊದೆಸಿದರೆ ಬೆಳಿಗ್ಗೆ ಇಬ್ಬನಿ ಆರುವವರೆಗೆ ಬೇರೆ ಕೆಲಸ ಇರುವುದಿಲ್ಲ. ಆ ಹೊತ್ತಿನಲ್ಲಿ ಈ ವರ್ಷದ ಆಲ್ಬಮ್‌ಗಳನ್ನು ಒಂದೊಂದಾಗಿ, ಮೊದಲಿಂದ ಕೊನೆವರೆಗೆ ಕೇಳಿದೆ. ಕಾವಲಿಗೆ ಕೂತವನು ಎರಡೂ ಕಿವಿ ಮುಚ್ಚಿಕೊಳ್ಳುವ ಹಾಗಿಲ್ಲ ಅಲ್ವಾ. ಒಂದು ಕಿವಿಗೆ ಇಯರ್‌ಫೋನ್, ಇನ್ನೊಂದು ಕಿವಿ ತೋಟದ ಕಡೆಗೆ.

ಹೀಗೆ ಕೇಳಿ ಕೇಳಿ ನನಗೊಂದು ಅಳತೆ ಸಿಕ್ಕಿದೆ. ಆಲ್ಬಮ್ ಮುಗಿದು ಇಯರ್‌ಫೋನ್ ತೆಗೆದ ಮೇಲೆ ನಮ್ಮ ತೋಟದ ಸದ್ದು ಮೊದಲಿನ ಹಾಗೆ ಕೇಳಿಸಬಾರದು. ಏನೋ ಹೊಸದು ಕಿವಿಗೆ ಬೀಳಬೇಕು. ಬಿದ್ದರೆ ಆ ಆಲ್ಬಮ್ ನನ್ನ ಮಟ್ಟಿಗೆ ಗೆದ್ದ ಹಾಗೆ.

ಈ ಅಳತೆಯಲ್ಲಿ ಮೊದಲನೆಯದು ಕಾಲಿ ಮಲೋನ್ ಅವರ ‘ಆಲ್ ಲೈಫ್ ಲಾಂಗ್’. ಫೆಬ್ರವರಿಯಲ್ಲಿ ಬಂದದ್ದು. ಇವರು ಅಮೆರಿಕದವರು, ಸ್ಟಾಕ್‌ಹೋಮ್‌ನಲ್ಲಿ ಎಲೆಕ್ಟ್ರಾನಿಕ್ ಸಂಗೀತ ಕಲಿತವರು. ಆದರೆ ಇದರಲ್ಲಿ ಕೇಳಿಸುವುದು ಯುರೋಪಿನ, ಕೊಳವೆಗಳಿಗೆ ಗಾಳಿ ತುಂಬಿ ನುಡಿಸುವ ಹಳೇ ಪೈಪ್ ಆರ್ಗನ್‌ಗಳು, ಹಾಡುವವರ ಒಂದು ತಂಡ, ಹಿತ್ತಾಳೆ ವಾದ್ಯದವರ ಒಂದು ತಂಡ. ಎಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಇದೆ. ತಬಲಾ ಇಲ್ಲ, ಡ್ರಮ್ ಇಲ್ಲ. ನಾಲ್ಕೈದು ಸ್ವರ ಒಟ್ಟಿಗೆ ನಿಲ್ಲುತ್ತವೆ. ಅದರಲ್ಲಿ ಒಂದು ಮೆಲ್ಲಗೆ ಪಕ್ಕಕ್ಕೆ ಸರಿಯುತ್ತದೆ. ಅಷ್ಟೇ.

ಸರಿಯುವ ಹೊತ್ತಿನಲ್ಲಿ ಕಿವಿಗೊಟ್ಟರೆ ಒಳಗೆ ಒಂದು ಮಿಡಿತ ಕೇಳುತ್ತದೆ. ಎರಡು ಸ್ವರ ಹತ್ತಿರ ಹತ್ತಿರ ಇದ್ದೂ ಪೂರ್ತಿ ಒಂದಾಗದಿದ್ದಾಗ ಬರುವ ಮಿಡಿತ. ಒಂದು ಕೊಳವೆ ಸೆಕೆಂಡಿಗೆ 220 ಸಲ ಕಂಪಿಸಿ, ಇನ್ನೊಂದು 222 ಸಲ ಕಂಪಿಸಿದರೆ, ಸದ್ದು ಸೆಕೆಂಡಿಗೆ ಎರಡು ಸಲ ಉಬ್ಬಿ ಇಳಿಯುತ್ತದೆ. ಇದನ್ನು ಯಾರೂ ನುಡಿಸುತ್ತಿಲ್ಲ. ಎರಡು ಸದ್ದು ಸೇರಿ ತಾವೇ ಮಾಡಿಕೊಳ್ಳುತ್ತವೆ.

ಅವತ್ತು ರಾತ್ರಿ ಎಂಟರ ಹೊತ್ತಿಗೆ ಇಯರ್‌ಫೋನ್ ತೆಗೆದೆ. ಗದ್ದೆಯ ಆಚೆ ಎರಡು ತೋಟಗಳಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಓಡುತ್ತಿತ್ತು. ಹುಟ್ಟಿದಾಗಿನಿಂದ ಕೇಳಿದ ಸದ್ದು ಅದು. ಆದರೆ ಎರಡೂ ಮೋಟಾರ್ ಸೇರಿ ‘ಊಂ... ಊಂ... ಊಂ’ ಎಂದು ಉಬ್ಬಿ ಇಳಿಯುವುದು ಅವತ್ತೇ ಮೊದಲು ಕೇಳಿಸಿತು. ಒಂದೇ ಲೈನಿನ ಕರೆಂಟಾದರೂ ಮೋಟಾರಿನ ಮೇಲೆ ಬೀಳುವ ಹೊರೆ ಬೇರೆ ಬೇರೆ. ಹಾಗಾಗಿ ವೇಗ ಚೂರು ಹೆಚ್ಚುಕಡಿಮೆ. ಒಂದು ಕಡೆ ಹಣ್ಣು ಖಾಲಿಯಾಗುತ್ತಾ ಬಂದ ಹಾಗೆ ಆ ಮಿಡಿತದ ಓಟ ಬದಲಾಯಿತು. ಆಮೇಲೆ ಒಂದು ಮೋಟಾರ್ ನಿಂತಿತು. ಉಳಿದ ಒಂದರ ಸದ್ದು ಬರೀ ನೇರ ಗೆರೆ. ನಾನು ಸುಮ್ನೆ ಕೂತೆ.

ಎರಡನೆಯದು ನಾಲಾ ಸಿನೆಫ್ರೋ ಅವರ ‘ಎಂಡ್‌ಲೆಸ್‌ನೆಸ್’, ಸೆಪ್ಟೆಂಬರಿನಲ್ಲಿ ಬಂದದ್ದು. ಹತ್ತು ಭಾಗ, ಎಲ್ಲಕ್ಕೂ ‘ಕಂಟಿನ್ಯೂಮ್’ ಎಂಬ ಒಂದೇ ಹೆಸರು, ಪಕ್ಕದಲ್ಲಿ ನಂಬರ್. ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಸಿಂಥಸೈಜರಿನ ಬಿಡಿಬಿಡಿ ಸ್ವರಗಳ ಒಂದು ಸರ ಮುಕ್ಕಾಲು ಗಂಟೆ ಹರಿಯುತ್ತಲೇ ಇರುತ್ತದೆ. ಅದರ ಮೇಲೆ ಹಾರ್ಪ್, ಸ್ಯಾಕ್ಸೊಫೋನ್, ಪಿಟೀಲುಗಳು ಬಂದು ಹೋಗುತ್ತವೆ. ಮೂರನೆಯದು ಗಾನವ್ಯಾ ಅವರ ‘ಡಾಟರ್ ಆಫ್ ಎ ಟೆಂಪಲ್’. ಜಾನ್ ಹಾಪ್ಕಿನ್ಸ್ ಅವರ ‘ರಿಚುಯಲ್’ ಎರಡು ಸಲ ಕೇಳಿದೆ. ಕೇಳುವಾಗ ಚೆನ್ನಾಗಿತ್ತು, ಇಯರ್‌ಫೋನ್ ತೆಗೆದ ಮೇಲೆ ಏನೂ ಉಳಿಯಲಿಲ್ಲ.

ನಿಮ್ಮದು ಹೇಳಿ.

ಕುಶಾಲನಗರ ಸಬ್‌ವೂಫರ್

ಅಣ್ಣ, ಪಲ್ಪರ್ ವಿಷಯ ಓದಿ ಖುಷಿಯಾಯಿತು. ಆದರೆ ನಿಮ್ಮ ಪಟ್ಟಿಯಲ್ಲಿ ಕಾಲು ಕುಣಿಸುವ ಒಂದು ಆಲ್ಬಮ್ ಕೂಡ ಇಲ್ಲ. ಇದು ಸರಿಯಲ್ಲ. ಕುಣಿತದ ಸಂಗೀತ ಅಂದ ಕೂಡಲೇ ಅದನ್ನು ಪ್ರಯೋಗದ ಲೆಕ್ಕದಿಂದ ಬಿಡುತ್ತಾರೆ. ನಾನು ಮದುವೆಗಳಿಗೆ ಸೌಂಡ್ ಹಾಕುವವನು. ನಾಲ್ಕು ನೂರು ಜನರನ್ನು ಒಂದು ತಾಳಕ್ಕೆ ತರುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು.

ನನ್ನ ಮೊದಲ ಸ್ಥಾನ ಫ್ಲೋಟಿಂಗ್ ಪಾಯಿಂಟ್ಸ್ ಅವರ ‘ಕ್ಯಾಸ್ಕೇಡ್’. ನಿಜ ಹೆಸರು ಸ್ಯಾಮ್ ಶೆಫರ್ಡ್, ನರವಿಜ್ಞಾನದಲ್ಲಿ ಡಾಕ್ಟರೇಟ್ ಮಾಡಿದವರು. 2021ರಲ್ಲಿ ಸ್ಯಾಕ್ಸೊಫೋನ್ ವಾದಕ ಫರೋವಾ ಸ್ಯಾಂಡರ್ಸ್ ಜೊತೆ ‘ಪ್ರಾಮಿಸಸ್’ ಮಾಡಿದ್ದು ಇವರೇ. ಅದರಲ್ಲಿ ಏಳೇ ಸ್ವರದ ಒಂದು ತುಣುಕು ಮುಕ್ಕಾಲು ಗಂಟೆ ತಿರುಗಿ ತಿರುಗಿ ಬರುತ್ತದೆ. ಅಷ್ಟು ನಿಧಾನದ ಕೆಲಸ ಮಾಡಿದ ಮನುಷ್ಯ ಈಗ ಡಾನ್ಸ್ ಫ್ಲೋರಿಗೆ ವಾಪಸ್ ಬಂದಿದ್ದಾರೆ. ಕಿಕ್ ಡ್ರಮ್ ಒಂದೇ ಸಮ ಹೊಡೆಯುತ್ತದೆ, ಅದರ ಮೇಲೆ ಸಿಂಥಸೈಜರಿನ ಸದ್ದು ಒಂದೊಂದು ಸುತ್ತಿಗೂ ಚೂರು ಚೂರು ಬಣ್ಣ ಬದಲಾಯಿಸುತ್ತದೆ. ಎರಡನೆಯದು ಫೋರ್ ಟೆಟ್ ಅವರ ‘ಥ್ರೀ’. ಎಂಟು ಹಾಡು, ಒಂದನ್ನೂ ದಾಟಿಸುವ ಮನಸ್ಸಾಗುವುದಿಲ್ಲ.

ಇನ್ನೊಂದು ಮಾತು. ಇದು ಹೊರಗಿನವರ ಸಂಗೀತ ಎಂದು ನಮ್ಮವರು ಹೇಳಿದಾಗ ನನಗೆ ಬೇಜಾರಾಗುತ್ತದೆ. 1982ರಲ್ಲಿ ಮುಂಬೈಯ ಚರಣ್‌ಜಿತ್ ಸಿಂಗ್ ಹತ್ತು ರಾಗಗಳನ್ನು ಡಿಸ್ಕೋ ಬೀಟಿಗೆ ಕೂರಿಸಿ ಒಂದು ರೆಕಾರ್ಡ್ ತಂದರು. ರೋಲ್ಯಾಂಡ್ ಕಂಪನಿಯ 303 ಬೇಸ್ ಯಂತ್ರ, 808 ಡ್ರಮ್ ಯಂತ್ರ, ಜ್ಯುಪಿಟರ್ 8 ಸಿಂಥಸೈಜರ್, ಈ ಮೂರೇ. ಆಗ ಯಾರೂ ಕೊಳ್ಳಲಿಲ್ಲ. ಅದೇ 303 ಹಿಡಿದು ಷಿಕಾಗೋದವರು ‘ಆಸಿಡ್ ಹೌಸ್’ ಎಂಬ ಕುಣಿತದ ಸಂಗೀತ ಮಾಡಿದ್ದು ಐದು ವರ್ಷ ಆದ ಮೇಲೆ. 2010ರಲ್ಲಿ ರೆಕಾರ್ಡ್ ಮತ್ತೆ ಹೊರಬಂದಾಗ ಪ್ರಪಂಚವೇ ತಿರುಗಿ ನೋಡಿತು.

ಈ ಪುತ್ತರಿ ಸಮಯದ ಒಂದು ಮದುವೆಗೆ ನಾನೂ ಒಂದು ಮಾಡಿದ್ದೆ. ನೆಟ್‌ನಲ್ಲಿ ಸಿಕ್ಕ, ದುಡಿ ಬಾರಿಸುತ್ತಾ ಹಾಡುವ ಕೊಡವರ ದುಡಿ ಕೊಟ್ಟ್ ಪಾಟ್‌ನ ವಿಡಿಯೋದಿಂದ ಎರಡು ಸೆಕೆಂಡ್ ತೆಗೆದು ಲೂಪ್ ಮಾಡಿ, ಕೆಳಗೆ 808ರ ಕಿಕ್ ಹಾಕಿದೆ. ಜನ ಕುಣಿದದ್ದೇ ಕುಣಿದದ್ದು.

ಗೋಣಿಕೊಪ್ಪ ತಂಬೂರಿ

ನಾನು ಮಕ್ಕಳಿಗೆ ಸಂಗೀತ ಪಾಠ ಹೇಳಿಕೊಡುತ್ತೇನೆ. ನಾಪೋಕ್ಲು ಅಣ್ಣ ಹೇಳಿದ ಆರ್ಗನ್ ಆಲ್ಬಮ್ ಮೂರು ದಿನದ ಹಿಂದೆ ಹಾಕಿದೆ. ಐದು ನಿಮಿಷದಲ್ಲಿ ಎದ್ದು ತಂಬೂರಿ ತಂದು ಪಕ್ಕಕ್ಕೆ ಇಟ್ಟುಕೊಂಡೆ. ಯಾಕೆ ಅಂತ ಹೇಳುತ್ತೇನೆ.

ಮನೆಯಲ್ಲಿರುವ ಕೀಬೋರ್ಡಿನ ಅಂತರ ಗಾಂಧಾರ, ಅಂದರೆ ಸರಿಗಮದ ದೊಡ್ಡ ‘ಗ’, ನಿಜವಾದ ಗಾಂಧಾರ ಅಲ್ಲ. ಒಂದು ಸ್ವರಸ್ಥಾನದಿಂದ ಮುಂದಿನದಕ್ಕೆ ಇರುವ ದೂರವನ್ನು ನೂರು ಪಾಲು ಮಾಡಿದರೆ, ಕೀಬೋರ್ಡಿನ ಗಾಂಧಾರ ಸುಮಾರು 14 ಪಾಲು ಮೇಲಿದೆ. ಹನ್ನೆರಡು ಸ್ವರವನ್ನೂ ಸಮವಾಗಿ ಹಂಚಿದ್ದರಿಂದ ಬಂದ ತೊಂದರೆ ಇದು. ತಂಬೂರಿಯ ಮಂದ್ರ ತಂತಿ ಮೀಟಿ ಕಿವಿಯಿಟ್ಟರೆ ಷಡ್ಜದ (‘ಸ’) ಒಳಗಿಂದ ಒಂದು ಗಾಂಧಾರ ತಾನಾಗಿ ಏಳುತ್ತದೆ. ಅದು ಸರಿಯಾದದ್ದು. ಮಲೋನ್ ನುಡಿಸಿದ ಹಳೇ ಆರ್ಗನ್‌ಗಳನ್ನು ಸಮವಾಗಿ ಹಂಚುವ ಪದ್ಧತಿ ಬರುವ ಮೊದಲಿನ ರೀತಿಯಲ್ಲಿ ಕೂಡಿಸಿದ್ದಾರೆ, ಗಾಂಧಾರ ಚೊಕ್ಕವಾಗಿ ಬರುವ ಹಾಗೆ. ಆರ್ಗನ್ನಿನ ಸ್ವರ, ನನ್ನ ತಂಬೂರಿಯಿಂದ ಎದ್ದ ಸ್ವರ ಎರಡೂ ಕೂಡಿಕೊಂಡಾಗ ಮೈ ಜುಮ್ಮೆಂದಿತು. ಆಕಾಶವಾಣಿ 1940ರಿಂದ ಮೂವತ್ತು ವರ್ಷ ಹಾರ್ಮೋನಿಯಂ ಅನ್ನು ಯಾಕೆ ಹೊರಗಿಟ್ಟಿತ್ತು ಎಂದು ಮಕ್ಕಳು ಕೇಳಿದರೆ, ಈಗ ಬಾಯಲ್ಲಿ ಹೇಳುವ ಬದಲು ಕಿವಿಗೇ ತೋರಿಸಬಹುದು. ಕಾರಣ ಅದೊಂದೇ ಅಲ್ಲ, ಸ್ವರದಿಂದ ಸ್ವರಕ್ಕೆ ಜಾರುವ ಗಮಕ ಬರುವುದಿಲ್ಲ ಎಂಬುದೂ ಇತ್ತು.

ನನ್ನ ಆಯ್ಕೆ ಮಾತ್ರ ಆರುಷಿ ಜೈನ್ ಅವರ ‘ಡಿಲೈಟ್’. ಹುಡುಗಿ ಹಿಂದುಸ್ತಾನಿ ಕಲಿತವಳು. ಬಿಡಿ ಭಾಗಗಳನ್ನು ವೈರಿನಿಂದ ಜೋಡಿಸುವ ಮಾಡ್ಯುಲರ್ ಸಿಂಥಸೈಜರ್ ನುಡಿಸುತ್ತಾಳೆ, ತಾನೇ ಹಾಡುತ್ತಾಳೆ. ಆಲ್ಬಮ್ ಬಾಗೇಶ್ರೀ ರಾಗದ ಮೇಲೆ ನಿಂತಿದೆ. ಬಾಗೇಶ್ರೀ ಸರಿರಾತ್ರಿಯ ರಾಗ, ಬರಬೇಕಾದವರಿಗೆ ಕಾಯುವ ರಾಗ. ಅವಳು ಅದನ್ನು ಆಲಾಪನೆ ಮಾಡಿ ಬಿಡಿಸುವುದಿಲ್ಲ. ತನ್ನ ದನಿಯನ್ನೇ ಚೂರು ಚೂರು ಮಾಡಿ ಯಂತ್ರದೊಳಗೆ ಬಿಡುತ್ತಾಳೆ, ಆ ಚೂರುಗಳು ಬೇರೆ ಬೇರೆ ಹೊತ್ತಿಗೆ ವಾಪಸ್ ಬರುತ್ತವೆ. ಮೊದಲ ಸಲ ನನಗೆ ಸಿಟ್ಟು ಬಂತು, ರಾಗವನ್ನು ಹೀಗೆ ಒಡೆಯಬಹುದಾ ಅಂತ. ಮೂರನೇ ಸಲಕ್ಕೆ ಮಧ್ಯಮದ (‘ಮ’) ಮೇಲೆ ಅವಳು ನಿಲ್ಲುವ ರೀತಿ ಗಮನಿಸಿದೆ. ಅಷ್ಟೆಲ್ಲ ಒಡೆದರೂ ಆ ಮಧ್ಯಮವನ್ನು ಬಿಟ್ಟಿಲ್ಲ. ಅಲ್ಲಿ ನಾನು ಸೋತೆ.

ಶ್ರುತಿ ಹಿಡಿದು ನಿಲ್ಲುವುದನ್ನೇ ಪ್ರಯೋಗ ಎಂದು ಕರೆಯುವುದು ಮಾತ್ರ ನನಗೆ ಒಪ್ಪಿಗೆ ಇಲ್ಲ. ಅದು ನಮಗೆ ಮೊದಲ ಪಾಠ.

ಮಡಿಕೇರಿ ಹಳೆ ರೇಡಿಯೋ

ನನಗೆ ಎಪ್ಪತ್ತು ದಾಟಿದೆ. ಮೊಮ್ಮಗಳು ಇದನ್ನು ಓದಿ ಹೇಳಿದಳು. ನಾಲಾ ಎಂಬುವರದ್ದು ಸ್ವಲ್ಪ ಹಾಕಿಯೂ ತೋರಿಸಿದಳು. ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಹಾಡಿಲ್ಲ, ಪಲ್ಲವಿ ಇಲ್ಲ. ಇದರಲ್ಲಿ ನೀವು ಏನನ್ನು ಹಿಡಿದುಕೊಂಡು ಕೂರುತ್ತೀರಿ?

ಚಿಕ್ಕಂದಿನಲ್ಲಿ ರೇಡಿಯೋ ಸಿಲೋನ್ ಹಿಡಿಯಲು ಗುಂಡಿ ತಿರುಗಿಸುತ್ತಿದ್ದೆವು. ಎರಡು ಸ್ಟೇಷನ್ ನಡುವೆ ಸಿಳ್ಳೆ ಬರುತ್ತಿತ್ತು, ಮೇಲಿಂದ ಕೆಳಗೆ ಜಾರುವ ಸಿಳ್ಳೆ. ಮಳೆಗಾಲದಲ್ಲಿ ಸಿಡಿಲು ಬಿದ್ದರೆ ಗುಡುಗಿಗೂ ಮೊದಲು ರೇಡಿಯೋದಲ್ಲಿ ಚರ್ ಎನ್ನುತ್ತಿತ್ತು. ಹಾಡಿಗಿಂತ ನನಗೆ ಅದೇ ಇಷ್ಟ. ಅಪ್ಪ ಬೈಯುತ್ತಿದ್ದರು. ಮೊಮ್ಮಗಳು ಹಾಕಿದ್ದು ಕೇಳಿದಾಗ ಅದು ನೆನಪಾಯಿತು, ಅದಕ್ಕೆ ಕೇಳಿದೆ.

ನಾಪೋಕ್ಲು ಕಣ

ಅಂಕಲ್, ತಪ್ಪು ಯಾಕೆ ತಿಳಿಯಲಿ. ನೀವು ಹೇಳಿದ್ದೇ ಉತ್ತರ. ಜರ್ಮನಿಯ ಸ್ಟಾಕ್‌ಹೌಸೆನ್ 1968ರಲ್ಲಿ ‘ಕುರ್ಟ್ಸ್‌ವೆಲೆನ್’ ಎಂಬ ಕೃತಿ ಮಾಡಿದರು. ಶಾರ್ಟ್‌ವೇವ್ ಎಂದೇ ಅದರ ಅರ್ಥ. ನುಡಿಸುವವರ ಕೈಗೆ ಶಾರ್ಟ್‌ವೇವ್ ರೇಡಿಯೋ ಕೊಟ್ಟರು. ಗುಂಡಿ ತಿರುಗಿಸಿದಾಗ ಸಿಕ್ಕಿದ್ದನ್ನು ಹಿಡಿದುಕೊಂಡು ಅವರು ಮುಂದೆ ನುಡಿಸಬೇಕು. ಆ ಜಾರುವ ಸಿಳ್ಳೆಯೇ ಅಲ್ಲಿ ಸ್ವರ. ಸಿಡಿಲಿನ ಚರ್ ಎನ್ನುವುದು ಗುಡುಗಿಗಿಂತ ಮೊದಲು ಕೇಳಿಸಲು ಕಾರಣ ಇದೆ. ರೇಡಿಯೋ ಅಲೆ ಬೆಳಕಿನ ವೇಗದಲ್ಲಿ ಬರುತ್ತದೆ, ಗುಡುಗು ಮೂರು ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್.

ನಮ್ಮ ದೇಶದಲ್ಲೂ ಇದು ಹೊಸದಲ್ಲ. ಅಹಮದಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ನಲ್ಲಿ 1969ರಲ್ಲೇ ಮೂಗ್ ಸಿಂಥಸೈಜರ್ ಇಟ್ಟು ಸ್ಟುಡಿಯೋ ಮಾಡಿದ್ದರು. ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಬಂದು ಜೋಡಿಸಿಕೊಟ್ಟರು. ಸಂಗೀತಗಾರ್ತಿ ಗೀತಾ ಸಾರಾಭಾಯಿ ಅಲ್ಲಿ ಕೆಲಸ ಮಾಡಿದರು. ಆ ಟೇಪ್‌ಗಳು ಎಷ್ಟೋ ವರ್ಷ ಕಪಾಟಿನಲ್ಲೇ ಇದ್ದವು. ಪಾಲ್ ಪರ್ಗಾಸ್ ಅವನ್ನು ಹುಡುಕಿ ತೆಗೆದರು, 2023ರಲ್ಲಿ ‘ದ ಎನ್‌ಐಡಿ ಟೇಪ್ಸ್’ ಎಂದು ಹೊರಬಂತು. ದಯವಿಟ್ಟು ಕೇಳಿ. ಆಮೇಲೆ ‘ಎಂಡ್‌ಲೆಸ್‌ನೆಸ್’ ಅನ್ನು ಪೂರ್ತಿ ಒಂದೇ ಸಲ ಹಾಕಿಸಿಕೊಳ್ಳಿ, ತುಂಡು ತುಂಡಾಗಿ ಬೇಡ.

ಕಕ್ಕಬ್ಬೆ ದುಡಿ

ಕುಶಾಲನಗರದವರಿಗೆ ಒಂದು ಮಾತು. ಜಗಳಕ್ಕಲ್ಲ.

ಆ ಮದುವೆಗೆ ನಾನೂ ಬಂದಿದ್ದೆ. ಸ್ಪೀಕರಿನಲ್ಲಿ ಬಂದ ದನಿ ನನ್ನ ದೊಡ್ಡಪ್ಪನದು. ಅವರು ತೀರಿಕೊಂಡು ಎರಡು ವರ್ಷ ಆಯಿತು. ಊಟದ ಎಲೆ ಮುಂದೆ ಕೂತಿದ್ದ ದೊಡ್ಡಮ್ಮ ಎದ್ದು ಹೊರಗೆ ಹೋದರು.

ದುಡಿ ಕೊಟ್ಟ್ ಪಾಟ್ ಹೇಗೆ ನಡೆಯುತ್ತದೆ ಎಂದು ನಿಮಗೂ ಗೊತ್ತಿರಬಹುದು. ಇಬ್ಬರು ಒಂದು ಸಾಲು ಎತ್ತುತ್ತಾರೆ, ಇನ್ನಿಬ್ಬರು ಅದನ್ನು ಹಿಡಿಯುತ್ತಾರೆ. ದುಡಿ ಬಿಡುವುದಿಲ್ಲ. ಒಂದು ಸಾಲು ಇನ್ನೊಂದಕ್ಕೆ ಕೈ ಕೊಟ್ಟು ಮುಂದೆ ಹೋಗುತ್ತದೆ. ನೀವು ತೆಗೆದ ಎರಡು ಸೆಕೆಂಡ್ ಒಂದು ಹರಕೆಯ ಸಾಲಿನ ನಡುವಿನದು. ‘ಒಳ್ಳೆಯದಾಗಲಿ’ ಎಂದು ಮುಗಿಯಬೇಕಾದ ಮಾತು ಮುಗಿಯುವುದೇ ಇಲ್ಲ, ಶುರುವಾಗಿ ಶುರುವಾಗಿ ತುಂಡಾಗುತ್ತದೆ. ಹಾಡು ಗೊತ್ತಿರುವವರಿಗೆ ಅದು ಕೇಳಲು ಆಗುವುದಿಲ್ಲ.

ನಡಿಕೇರಿಯಂಡ ಚಿಣ್ಣಪ್ಪ ಅವರು ಊರೂರು ತಿರುಗಿ, ಹಾಡುವವರ ಎದುರು ಕೂತು ಬರೆದುಕೊಂಡ ಕೊಡವ ಹಾಡುಗಳ ಪುಸ್ತಕ ‘ಪಟ್ಟೋಲೆ ಪಳಮೆ’ ಅಚ್ಚಾದದ್ದು 1924ರಲ್ಲಿ. 2024ಕ್ಕೆ ಸರಿಯಾಗಿ ನೂರು. ಟೇಪ್ ರೆಕಾರ್ಡರ್ ಇಲ್ಲದ ಕಾಲ, ಸಾಲನ್ನು ತುಂಡು ಮಾಡದೆ ಬರೆದುಕೊಂಡರು. ಅವತ್ತು ಕೈಯಲ್ಲಿ ಆದದ್ದು ಇವತ್ತು ಇಷ್ಟೆಲ್ಲ ಯಂತ್ರ ಇಟ್ಟುಕೊಂಡು ಆಗುವುದಿಲ್ಲವಾ?

ನಮ್ಮ ಹಾಡನ್ನು ಯಾರೂ ಮುಟ್ಟಬಾರದು ಎಂದು ನಾನು ಹೇಳುತ್ತಿಲ್ಲ. ಕೇಳಿ ಮುಟ್ಟಿ. ಮದುವೆ ಪಾಟ್ ಯಾವುದು, ಸಾವಿನ ಪಾಟ್ ಯಾವುದು ಎಂದು ತಿಳಿದುಕೊಂಡು ಮುಟ್ಟಿ.

ಕುಶಾಲನಗರ ಸಬ್‌ವೂಫರ್

ಅಣ್ಣ, ಓದಿ ಎರಡು ದಿನ ಏನೂ ಬರೆಯಲು ಆಗಲಿಲ್ಲ. ಕ್ಷಮಿಸಿ. ದೊಡ್ಡಮ್ಮನಿಗೆ ನಾನೇ ಬಂದು ಹೇಳುತ್ತೇನೆ, ನೀವು ಒಪ್ಪಿದರೆ.

ಫೈಲ್ ಅಳಿಸಿದ್ದೇನೆ. ನನಗೆ ಆ ಸದ್ದಿನ ಅಂಚು ಇಷ್ಟವಾಗಿತ್ತು, ದುಡಿಯ ಚರ್ಮದಿಂದ ಬರುವ ಆ ‘ಡುಬ್’ ಎನ್ನುವುದು. ಮಾತು ಏನು ಎಂದು ಕೇಳಲೇ ಇಲ್ಲ. ಫೋರ್ ಟೆಟ್ 2015ರಲ್ಲಿ ಲತಾ ಮಂಗೇಶ್ಕರ್ ಅವರ ದನಿ ಇಟ್ಟುಕೊಂಡು ಇಪ್ಪತ್ತು ನಿಮಿಷದ ಒಂದು ಭಾಗ ಮಾಡಿದ್ದರು. ನಾನು ಅದನ್ನೇ ಮಾದರಿ ಅಂದುಕೊಂಡಿದ್ದೆ. ಈಗ ಮತ್ತೆ ಕೇಳಿದೆ. ಅಲ್ಲಿ ಲತಾ ಅವರ ಸಾಲು ಉಸಿರಾಡುತ್ತದೆ, ದನಿ ಬಂದು ನಿಂತು ಹೋಗುತ್ತದೆ. ನಾನು ಉಸಿರಿಗೇ ಕತ್ತರಿ ಹಾಕಿದ್ದೆ.

ಕಕ್ಕಬ್ಬೆ ದುಡಿ

ಬನ್ನಿ. ಕುಯ್ಲು ಮುಗಿಯಲಿ. ನಮ್ಮ ಮನೆಯಲ್ಲಿ ಈಗಲೂ ಹಾಡುವವರು ಮೂವರಿದ್ದಾರೆ. ಪೂರ್ತಿ ಪಾಟ್ ಕೂತು ಕೇಳಿ, ಆಮೇಲೆ ರೆಕಾರ್ಡ್ ವಿಷಯ ಮಾತಾಡೋಣ.

ಪೊನ್ನಂಪೇಟೆ ಹಾಸ್ಟೆಲ್

ನಾನು ಇನ್ನೂ ಓದುತ್ತಿದ್ದೇನೆ. ಕೊಳ್ಳಲು ದುಡ್ಡಿಲ್ಲ, ಸಿಂಥಸೈಜರ್ ಮುಟ್ಟಿಯೂ ಇಲ್ಲ. ಆದರೆ ಡಿಸೆಂಬರ್ ಮೊದಲ ವಾರ ಫೆಂಗಲ್ ಚಂಡಮಾರುತದ ಮಳೆ ಬಂದಾಗ ಹಾಸ್ಟೆಲ್ ಶೆಡ್ಡಿನ ತಗಡಿನ ಮೇಲೆ ಬಿದ್ದ ಸದ್ದು ರೆಕಾರ್ಡ್ ಮಾಡಲು ಹೋದೆ. ಫೋನಿನಲ್ಲಿ ಬರೀ ‘ಶ್’ ಅಂತ ಬಂತು. ಕಿವಿಗೆ ಕೇಳಿದ್ದರಲ್ಲಿ ಅರ್ಧವೂ ಇಲ್ಲ. ಏನು ಮಾಡಬೇಕು ಅಣ್ಣ?

ನಾಪೋಕ್ಲು ಕಣ

ಆ ಮಳೆಯಲ್ಲಿ ನಮ್ಮ ಕಣದ ಕಾಫಿ ಎಲ್ಲ ನೆನೆಯಿತು ತಮ್ಮ, ನನಗೆ ರೆಕಾರ್ಡ್ ಮಾಡುವ ನೆನಪೇ ಬರಲಿಲ್ಲ. ನೀನು ಮಾಡಿದ್ದು ಒಳ್ಳೆಯದಾಯಿತು.

ತಪ್ಪು ನಿನ್ನದಲ್ಲ. ಫೋನ್ ಮಾತಿಗಾಗಿ ಮಾಡಿದ ಯಂತ್ರ. ಮಳೆಯಂಥ ಸದ್ದನ್ನು ಗಲಾಟೆ ಎಂದು ತಿಳಿದು ತಾನೇ ಅದುಮುತ್ತದೆ, ಜೋರು ಸದ್ದು ಬಂದರೆ ತಾನೇ ತಗ್ಗಿಸುತ್ತದೆ. ನಾಯ್ಸ್ ರಿಡಕ್ಷನ್, ಆಟೋ ಗೇನ್ ಎರಡನ್ನೂ ಆರಿಸಲು ಬಿಡುವ ಆ್ಯಪ್ ಹಾಕು. ವಾವ್ ಫೈಲಿನಲ್ಲಿ, 48 ಕಿಲೋಹರ್ಟ್ಸ್, 24 ಬಿಟ್‌ಗೆ ಇಡು. ಸ್ಟೀರಿಯೋ ಆದರೆ ಗಂಟೆಗೆ ಒಂದು ಜಿಬಿ ತಿನ್ನುತ್ತದೆ, ಜಾಗ ನೋಡಿಕೋ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕು, ಇಲ್ಲದಿದ್ದರೆ ನೆಟ್‌ವರ್ಕ್ ಹುಡುಕುವ ಕಿರಿಕಿರಿ ಒಳಗೆ ಸೇರಬಹುದು.

ಇನ್ನೊಂದು ದಾರಿ ಇದೆ, ನನಗೆ ಅದೇ ಹೆಚ್ಚು ಇಷ್ಟ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಪೀಜೋ ಬಿಲ್ಲೆ ಎಂದು ಕೇಳು. ಬಜರ್ ಒಳಗೆ ಇರುವ ಹಿತ್ತಾಳೆ ಬಿಲ್ಲೆ, 27 ಮಿಲಿಮೀಟರಿನದು, ಕೆಲವೇ ರೂಪಾಯಿ. ಎರಡು ವೈರ್ ಬೆಸುಗೆ ಹಾಕಿ ಜ್ಯಾಕ್ ಕೂರಿಸಿದರೆ ಅದೇ ಮೈಕು. ಅದು ಗಾಳಿಯ ಸದ್ದು ಹಿಡಿಯುವುದಿಲ್ಲ, ಅಂಟಿಸಿದ ವಸ್ತುವಿನ ನಡುಕ ಹಿಡಿಯುತ್ತದೆ. ತಗಡಿನ ಅಡಿಗೆ ಟೇಪಿನಿಂದ ಗಟ್ಟಿಯಾಗಿ ಅಂಟಿಸು. ನೇರ ಫೋನಿಗೆ ಚುಚ್ಚಿದರೆ ತಗ್ಗಿನ ಸದ್ದು ಸೊರಗುತ್ತದೆ, ನಡುವೆ ಸದ್ದು ಹೆಚ್ಚಿಸುವ ಚಿಕ್ಕ ಪ್ರೀಆಂಪ್ ಇದ್ದರೆ ಸರಿಯಾಗುತ್ತದೆ. ಬೇಲಿ ತಂತಿಗೂ ಅಂಟಿಸಬಹುದು, ಗಾಳಿ ಬೀಸಿದಾಗ ತಂತಿ ಹಾಡುತ್ತದೆ. ಆದರೆ ಆನೆಗೆ ಹಾಕಿದ ಸೋಲಾರ್ ಬೇಲಿಯ ಹತ್ತಿರ ಮಾತ್ರ ಹೋಗಬೇಡ, ಆಫ್ ಇದೆ ಎಂದು ಯಾರಾದರೂ ಹೇಳಿದರೂ ಬೇಡ.

ಮಡಿಕೇರಿ ಹಳೆ ರೇಡಿಯೋ

ಹೇಳಿದ ಹಾಗೆ ‘ಎಂಡ್‌ಲೆಸ್‌ನೆಸ್’ ಒಂದೇ ಸಲ ಪೂರ್ತಿ ಕೇಳಿದೆ. ಮೊದಲ ಹದಿನೈದು ನಿಮಿಷ ಪಲ್ಲವಿಗೆ ಕಾದೆ. ಆಮೇಲೆ ಕಾಯುವುದನ್ನು ಬಿಟ್ಟೆ. ಹೊರಗೆ ಮಂಜು ಇಳಿದಿತ್ತು, ಎದುರಿನ ಸಿಲ್ವರ್ ಮರ ಕಾಣುತ್ತಿರಲಿಲ್ಲ. ಮಂಜಿಗೂ ಶುರು, ಕೊನೆ ಅಂತ ಇರುವುದಿಲ್ಲವಲ್ಲ.

ಮುಗಿದ ಮೇಲೆ ನಾಪೋಕ್ಲಿನವರ ಅಳತೆ ನೆನಪಾಗಿ ಕಿವಿಗೊಟ್ಟೆ. ಪಕ್ಕದ ಮನೆಯಲ್ಲಿ ಯಾರೋ ರೊಟ್ಟಿ ತಟ್ಟುತ್ತಿದ್ದರು. ಎಷ್ಟು ಹೊತ್ತಿನಿಂದ ತಟ್ಟುತ್ತಿದ್ದರೋ.

ಗೋಣಿಕೊಪ್ಪ ತಂಬೂರಿ

ಅಂಕಲ್, ಮೊಮ್ಮಗಳ ಹತ್ತಿರ ‘ಡಿಲೈಟ್’ ಕೂಡ ಹಾಕಿಸಿಕೊಳ್ಳಿ, ಊಟ ಮುಗಿದು ಎಲ್ಲರೂ ಮಲಗಿದ ಮೇಲೆ.

ನಾಪೋಕ್ಲು ಅಣ್ಣ, ನಿಮ್ಮ ಗಾನವ್ಯಾ ಆಲ್ಬಮ್ ಕೇಳಿದೆ. ಒಬ್ಬಳ ಹಾಡಿನ ಹಾಗಲ್ಲ, ತುಂಬಾ ಜನ ಕೂಡಿ ಭಜನೆ ಮಾಡಿದ ಹಾಗಿದೆ. ಅಮೆರಿಕದ ಜಾಝ್ ಕಲಾವಿದೆ ಆಲಿಸ್ ಕೋಲ್ಟ್ರೇನ್ ಆಶ್ರಮ ಕಟ್ಟಿಕೊಂಡು ಸಿಂಥಸೈಜರ್ ಜೊತೆ ಭಜನೆ ಮಾಡುತ್ತಿದ್ದರಲ್ಲ, ಆ ದಾರಿ ಇದು. ಆದರೂ ನನ್ನ ಮೊದಲ ಸ್ಥಾನ ಬದಲಾಗುವುದಿಲ್ಲ.

ಪೊನ್ನಂಪೇಟೆ ಹಾಸ್ಟೆಲ್

ಬಿಲ್ಲೆ ಸಿಕ್ಕಿತು! ರಾತ್ರಿಯೇ ತಗಡಿನ ಅಡಿಗೆ ಅಂಟಿಸಿದೆ. ಮಳೆ ಬರಲಿಲ್ಲ. ಬರೀ ಚಳಿ. ಬೇಜಾರಾಗಿ ರೆಕಾರ್ಡರ್ ಬಿಟ್ಟು ಮಲಗಿದೆ.

ಬೆಳಿಗ್ಗೆ ಎಂಟೂವರೆಗೆ ಬಿಸಿಲು ತಗಡಿಗೆ ತಾಗುವಾಗ ಹೆಡ್‌ಫೋನ್ ಹಾಕಿಕೊಂಡು ಕೂತೆ. ಮೊದಲು ಏನೂ ಇಲ್ಲ. ಆಮೇಲೆ ಒಂದು ‘ಟಿಣ್’. ತುಂಬಾ ಹೊತ್ತು ಬಿಟ್ಟು ಇನ್ನೊಂದು. ತಗಡು ಕಾದು ಹಿಗ್ಗುತ್ತಿತ್ತು. ಮೊಳೆ ಹೊಡೆದ ಕಡೆ ಹಿಡಿದುಕೊಂಡಿದ್ದು ಒಂದೊಂದಾಗಿ ಬಿಡುತ್ತಿತ್ತು. ಬರುಬರುತ್ತಾ ಹತ್ತಿರ ಹತ್ತಿರ ಬಂತು, ಒಂದು ಹೊತ್ತಿಗೆ ಎಲ್ಲ ಕಡೆಯಿಂದಲೂ ಟಿಣ್ ಟಿಣ್ ಅಂತ ಸುರಿಯಿತು. ಹದಿನೊಂದು ನಿಮಿಷ. ಪೂರ್ತಿ ಕಾದ ಮೇಲೆ ನಿಂತೇಹೋಯಿತು. ಅಡಿಯಲ್ಲಿ ನಿಂತರೆ ಬರೀ ಕಿವಿಗೆ ಒಂದೆರಡು ಮಾತ್ರ ಕೇಳುತ್ತದೆ.

ಕುಶಾಲನಗರ ಸಬ್‌ವೂಫರ್

ತಮ್ಮ, ಆ ಹದಿನೊಂದು ನಿಮಿಷ ನನಗೆ ಬೇಕು. ಕತ್ತರಿಸುವುದಿಲ್ಲ, ಶುರುವಿನಿಂದ ನಿಲ್ಲುವವರೆಗೆ ಹಾಗೇ ಇಡುತ್ತೇನೆ. ಕೆಳಗೆ ಒಂದೇ ಒಂದು ತಗ್ಗಿನ ಸ್ವರ ಸೇರಿಸಿ ನೋಡುತ್ತೇನೆ. ಕೊಡುತ್ತೀಯಾ?

ಪೊನ್ನಂಪೇಟೆ ಹಾಸ್ಟೆಲ್

ಕೊಡುತ್ತೇನೆ ಅಣ್ಣ. ಫೈಲ್ ದೊಡ್ಡದಿದೆ, ಇಲ್ಲಿನ ನೆಟ್‌ವರ್ಕಿನಲ್ಲಿ ಹೋಗುವುದಿಲ್ಲ. ಸಂತೆ ದಿನ ಗೋಣಿಕೊಪ್ಪಕ್ಕೆ ಬರುತ್ತೇನೆ, ಪೆನ್‌ಡ್ರೈವಿನಲ್ಲಿ ತರುತ್ತೇನೆ.